ಗಿರಿಜತ್ತೆಯ ತಗಡಿನ ಬಸ್ಸು

ಮೊನ್ನೆ ಆಲ್ಬಮ್ಮಿನ ಧೂಳು ಒರೆಸುವಾಗ ಒಂದು ಫೋಟೋ ಅಂಟು ಬಿಟ್ಟು ನನ್ನ ಕಾಲ ಮೇಲೆ ಬಿತ್ತು. ಮಣ್ಣು ರಸ್ತೆ, ಎರಡು ಕಡೆ ಹುಲ್ಲು, ತಿರುವಿನಲ್ಲಿ ಧೂಳೆಬ್ಬಿಸಿಕೊಂಡು ಬರುತ್ತಿರುವ ಕೆಂಪು ಬಸ್ಸು. ನೋಡಿದರೆ ನೀವೂ ಕೈ ಅಡ್ಡ ಹಾಕಿ ನಿಲ್ಲಿಸುತ್ತಿದ್ದಿರಿ. ಆದರೆ ಆ ಬಸ್ಸಿನ ಉದ್ದ ಒಂದೇ ಗೇಣು. ಧೂಳು ನಮ್ಮ ಗಿರಿಜತ್ತೆ ಸೆರಗು ಬೀಸಿ ಎಬ್ಬಿಸಿದ್ದು.

ಶಿಕಾರಿಪುರದ ನಮ್ಮ ಮನೆಯಲ್ಲಿ ಆಟಿಕೆಗಳೆಂದರೆ ಶೋಕೇಸಿನೊಳಗಿನ ದೇವರು. ಬಟ್ಟೆ ವ್ಯಾಪಾರಿಯಾಗಿದ್ದ ತಾತ ಊರೂರಿಂದ ತಗಡಿನ ಬಸ್ಸು, ಮರದ ಕುದುರೆ, ದೋಣಿ ತಂದು ಗಾಜಿನ ಹಿಂದಿಟ್ಟು ಬೀಗ ಹಾಕುತ್ತಿದ್ದರು. ಮಕ್ಕಳು ನೋಡಬಹುದು, ಮುಟ್ಟುವ ಹಾಗಿಲ್ಲ. ಸೊರಬಕ್ಕೆ ಕೊಟ್ಟಿದ್ದ ಅತ್ತೆಗೆ ಆ ಬೀಗದ ಕೈ ಸಿಕ್ಕಿದ್ದು ತೊಂಬತ್ತರ ದಶಕದಲ್ಲಿ, ಐವತ್ತು ದಾಟಿದ ಮೇಲೆ. "ಪಾಪ, ಇವು ಹೊರಗಿನ ಗಾಳೀನೇ ಕಂಡಿಲ್ಲ. ನಿನ್ ಕ್ಯಾಮೆರಾ ತಗಂಡು ಬಾರೋ," ಎಂದರು.

ಆಗ ನನಗೆ ಫೋಟೋದ ಹುಚ್ಚು. ತಲೆ ಕತ್ತರಿಸದೆ ಮನುಷ್ಯರನ್ನು ತೆಗೆಯಲು ಬಾರದಿದ್ದರೂ ಕಲಾವಿದನೆಂಬ ಹಮ್ಮು. ದೋಣಿಯನ್ನು ಅಂಜನಾಪುರ ಜಲಾಶಯದ ನೀರಿಗೆ ಬಿಟ್ಟೆವು, ಕುದುರೆಯನ್ನು ತೊಗರ್ಸಿಯ ಜೋಳದ ಹೊಲದಲ್ಲಿ ಮೇಯಿಸಿದೆವು. ಬಸ್ಸಿಗೆ ಮಾತ್ರ ಅತ್ತೆ ಹೊಸಬಾಳೆ ಊರಿನಿಂದಾಚೆ ಒಳಗೆ ಹೋಗುವ, ಬಸ್ಸೇ ಕಾಣದ ರಸ್ತೆಯೇ ಬೇಕೆಂದರು.

ಅಲ್ಲಿ ನಾನು ಮೂರು ಕಾಲಿನ ಸ್ಟ್ಯಾಂಡು ಹೂಡಿ, ಪಕ್ಕದಲ್ಲಿ ಬೋರಲು ಮಲಗಿ ಅಳತೆ ನೋಡುತ್ತಿದ್ದಾಗ ದೂರದಿಂದ ಸೈಕಲ್ಲಿನವನೊಬ್ಬ ಕೂಗಿದ: "ಏನ್ ಮಾಡ್ತಿದೀರ್ರೀ ಅಲ್ಲಿ?"

"ಬಸ್ ಬಿಡ್ತಿದೀವಿ!" ಎಂದೆ. ಆತ ಸೈಕಲ್ಲು ಇಳಿಯದೆ ತಲೆಯಾಡಿಸಿ ಹೋದ. ನನ್ನ ಜಾಣತನಕ್ಕೆ ನಾನೇ ನಕ್ಕೆ.

ಮುಂದಿನ ವಾರ ಮತ್ತೆ ಅಲ್ಲಿಗೆ ಹೋದರೆ ಆತನ ಹೆಂಡತಿ ಗಂಗಮ್ಮ ಕಾದು ನಿಂತಿದ್ದಳು. "ಬಸ್ ಎಷ್ಟೊತ್ತಿಗೆ ಬರ್ತದ್ರೀ? ನಮ್ ಸಾವಿತ್ರಿ ಎಂಟನೇ ಕ್ಲಾಸು. ನಡ್ದು ಹೋಗದು ಬ್ಯಾಡ, ಶಾಲೆ ಬಿಡ್ಸ್ತೀನಿ ಅಂತಿದ್ರು ಅವ್ರಪ್ಪ. ನೀವು ಬಸ್ ಬಿಡ್ತೀರಿ ಅಂದ್ಮೇಲೆ ಸುಮ್ನಾಗ್ಯಾರೆ."

ಅತ್ತೆ ನನ್ನನ್ನು ಸುಡುವ ಹಾಗೆ ನೋಡಿ, "ಅರ್ಜಿ ಕೊಡಣ, ಬರ್ತದೆ," ಎಂದುಬಿಟ್ಟರು.

ಅರ್ಜಿ ಬರೆದೆವು. ರಸ್ತೆ ಚೆನ್ನಾಗಿದೆ ಎಂದು ತೋರಿಸಲು ನಾನು ಅತಿಬುದ್ಧಿವಂತಿಕೆಯಿಂದ ಈ ಫೋಟೋವನ್ನೇ ಲಗತ್ತಿಸಿದೆ. ಸಾರಿಗೆ ಕಚೇರಿಯ ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಬಸ್ ಆಗ್ಲೇ ಓಡ್ತಾ ಇದೆಯಲ್ರೀ! ಮತ್ತೆ ಅರ್ಜಿ ಯಾಕೆ?" ಎಂದು ಕಾಗದ ವಾಪಸು ತಳ್ಳಿದರು. ನನ್ನ ಕಲೆಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇವತ್ತಿಗೂ ಬಂದಿಲ್ಲ. ಅದು ಆಟಿಕೆ ಎಂದು ನಾನು ವಿವರಿಸಿದ್ದನ್ನು ಅವರು ನಂಬಲೇ ಇಲ್ಲ.

ಕೊನೆಗೆ ಅತ್ತೆಯೇ ಹೋಗಿ ಹುಡುಗಿಯನ್ನು ಸೊರಬದ ತಮ್ಮ ಮನೆಗೆ ಕರೆತಂದರು. "ಬಸ್ ಬರೋತನಕ ಅಷ್ಟೆ," ಎಂದು ಅವಳ ಅಪ್ಪ ಒಪ್ಪಿದ. ಬಸ್ಸು ಬಂದದ್ದು ಸಾವಿತ್ರಿ ಹತ್ತನೇ ಕ್ಲಾಸು ಪಾಸಾದ ಮೇಲೆ. ಆಮೇಲೆ ಅವಳು ಓದಿದಳು, ನರ್ಸಾದಳು. ಆದರೂ ಬಡವರಿಗೆ ಹುಸಿ ಆಸೆ ಹುಟ್ಟಿಸಿದೆನಲ್ಲ ಎಂಬ ನಾಚಿಕೆ ನನ್ನನ್ನು ಬಿಟ್ಟಿರಲಿಲ್ಲ. ಮದುವೆಮನೆಗಳಲ್ಲಿ ಈ ಕಥೆ ಹೇಳುವಾಗ ಸಾಹೇಬರ ಮಾತಿಗೇ ನಿಲ್ಲಿಸಿ ನಗಿಸಿಬಿಡುತ್ತಿದ್ದೆ.

ಮೊನ್ನೆ ಫೋಟೋ ಕೈಯಲ್ಲಿ ಹಿಡಿದೇ ಸಾವಿತ್ರಿಗೆ ಫೋನು ಮಾಡಿದೆ. "ಆವತ್ತು ನಿಮ್ಮಪ್ಪನಿಗೆ ಸುಳ್ಳು ಹೇಳಿದ್ದೆ ಕಣಮ್ಮ, ತಪ್ಪಾಯ್ತು," ಎಂದೆ.

ಅವಳು ನಕ್ಕಳು. "ನಾನು ಅಲ್ಲೇ ಬೇಲಿ ಹತ್ರ ದನ ಮೇಯಿಸ್ತಾ ನೋಡ್ತಿದ್ದೆನಲ್ರೀ, ಆಟದ ಬಸ್ಸು ಅಂತ ನಂಗೆ ಗೊತ್ತಿತ್ತು. ಅಪ್ಪ ಮನೆಗೆ ಬಂದು ಬಸ್ ಬಿಡ್ತಾರಂತೆ ಅಂದ. ಅಮ್ಮ ನಂಬ್ಲಿಲ್ಲ. ನಾನೇ, 'ಹೌದಮ್ಮ, ನಾನೂ ಕಣ್ಣಾರೆ ನೋಡಿದೆ, ಕೆಂಪು ಬಸ್ಸು' ಅಂದೆ."