ಸೊನ್ನೆಗಿಂತ ಕೆಳಗಿನ ಹೊತ್ತು
ಹೊಲಿಗೆ ಕಾರ್ಖಾನೆಯ ಹಾಜರಿ ಗುಮಾಸ್ತರು ದಿನಾ ಬೆಳಿಗ್ಗೆ ಕಂಪ್ಯೂಟರಿನ ಧೂಳು ಒರೆಸಿ, "ಏನಪ್ಪಾ, ಇವತ್ತೂ ಮಾನ ಉಳಿಸ್ತೀಯಾ?" ಎಂದು ಕೇಳಿಯೇ ಕುರ್ಚಿಗೆ ಕೂರುವವರು. ದಿನಕ್ಕೆ ಎಂಟು ಗಂಟೆಗಿಂತ ಕಮ್ಮಿ ದುಡಿದವರ ಹೊತ್ತಿನಿಂದ ಆ ಎಂಟನ್ನು ಕಳೆದರೆ ಅಂಕಿ ಬಾರದೆ, ಹೆಸರಿನ ಮುಂದೆ ಬೇಲಿ ನೆಟ್ಟಂತೆ ಬರೀ ಗೀಟುಗಳು ಮೂಡುತ್ತಿದ್ದವು. "ಅಂಕಿ ಹಿಡಿಸ್ತಿಲ್ಲ, ಕಾಲಂ ಅಗಲ ಮಾಡ್ರೀ!" ಎಂದು ಮ್ಯಾನೇಜರು ಗದರಿದರೆ ವಿಧೇಯರಾಗಿ ಅಗಲ ಮಾಡುವರು; ಬೇಲಿಯೂ ಅಷ್ಟೇ ಉದ್ದವಾಗುವುದು. "ಸೊನ್ನೆಗಿಂತ ಕೆಳಗಿನ ಹೊತ್ತು ಇದಕ್ಕೆ ತಿಳಿಯೋದಿಲ್ಲ ಸಾರ್" ಎನ್ನುವರು ಗುಮಾಸ್ತರು. "ನಿಮ್ಮ ತಲೇಲಿರೋದು ಮೆದುಳೋ, ಹತ್ತಿಯೋ?" ಎಂದರೂ ಹಲ್ಲು ಕಿರಿಯುವರು. ಅಂಕಿ ಮೂಡಿಸುವ ಸೂತ್ರ ಅವರಿಗೆ ಎಂದಿನಿಂದಲೋ ಬಾಯಿಪಾಠ. ತಿಂಗಳಿಗೆ ಹತ್ತು ಗಂಟೆ ಕಮ್ಮಿ ಬಿದ್ದವರನ್ನು ಮನೆಗೆ ಕಳಿಸುತ್ತಾರೆಂಬುದೂ ಗೊತ್ತು. ಅದಕ್ಕೇ ಮೂವತ್ತು ವರ್ಷದ ಮರ್ಯಾದೆಯನ್ನು ನೀರಿಗೆ ಬಿಟ್ಟು ದಡ್ಡರಾಗಿ ಕೂತಿದ್ದರು. ಮೊನ್ನೆ ಹೊಸ ಅಧಿಕಾರಿಯೊಬ್ಬ ಪಕ್ಕದಲ್ಲಿ ಕೂತು, ಚಿಟಿಕೆ ಹೊಡೆಯುವಷ್ಟರಲ್ಲಿ ಎಲ್ಲವನ್ನೂ ಸರಿಮಾಡಿಬಿಟ್ಟ. ಕಾಜಾ ಹಾಕುವ ಹೆಂಗಸಿನ ಹೆಸರಿನ ಮುಂದೆ ಈ ತಿಂಗಳು ಹದಿಮೂರು ಗಂಟೆ ಕಮ್ಮಿಯೆಂದು ಕೆಂಪಗೆ ಮೂಡಿತು. ಮ್ಯಾನೇಜರು ಕರೆಸಿದಾಗ ಅವಳು ಅಳಲಿಲ್ಲ. "ಅಣ್ಣಾ, ಮಗು ಆಸ್ಪತ್ರೇಲಿತ್ತು ಅಂತ ಅದರ ಪಕ್ಕಕ್ಕೆ ಒಂದ್ಮಾತು ಬರೀರಿ, ಸಾಕು" ಎಂದು ಗುಮಾಸ್ತರನ್ನು ಕೇಳಿದಳು. ಗುಮಾಸ್ತರು ಕಂಪ್ಯೂಟರಿನಲ್ಲಿ ಹಾಜರಿಯ ಹಾಳೆಯನ್ನು ಆ ತುದಿಯಿಂದ ಈ ತುದಿಗೆ ಎರಡು ಸಲ ಸರಿಸಿ ನೋಡಿದರು. "ಅದಕ್ಕೆ ಇದರಲ್ಲಿ ಜಾಗ ಇಟ್ಟಿಲ್ಲ, ತಾಯೀ."