ಶಾರದಕ್ಕ ಕಂಡ ಜೇಡ

ಸೂಜಿ ಚುಚ್ಚುವ ಮುನ್ನ ನರ್ಸಮ್ಮ ತೋಳಿಗೆ ಸ್ಪಿರಿಟ್ ಒರೆಸಿದರೆ ಸಾಕು, ಮಧುಗಿರಿಯ ನಮ್ಮ ಮನೆಯ ಹಿಂದಿನ ಕೋಣೆ ಕಣ್ಣಿಗೆ ಬರುತ್ತದೆ. ಮನೆ ಕಳೆದುಕೊಂಡವರಿಗೆ ಗೊತ್ತು, ಮೊದಲು ಮರಳುವುದು ವಾಸನೆ. ಆ ಕೋಣೆಯ ಗೋಡೆಗೂಡಿನಲ್ಲಿ ಸ್ಪಿರಿಟ್ ತುಂಬಿದ ಪುಟ್ಟ ಸೀಸೆಗಳಿದ್ದವು, ಸೀಸೆಗೊಂದು ಜೇಡ. ಅವೆಲ್ಲ ನನ್ನ ಅಕ್ಕ ಶಾರದೆಯವು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು ಹೊಸಿಲು ದಾಟುವ ಹಾಗಿರಲಿಲ್ಲ. ಹಿತ್ತಿಲಲ್ಲಿ ಸಂಡಿಗೆ ಕಾಯುತ್ತ ಕೂತಿದ್ದಾಗ ಕಲ್ಲುಗೋಡೆಯ ಮೇಲೆ ಅದನ್ನು ಕಂಡಳು: ರಾಗಿ ಕಾಳಿಗಿಂತ ತುಸು ದೊಡ್ಡದು, ಕಲ್ಲಿನದೇ ಬೂದಿ ಬಣ್ಣ, ಬಲೆ ನೇಯದೆ ಬೆಕ್ಕಿನಂತೆ ಹೊಂಚಿ ನೆಗೆಯುವಂಥದ್ದು. ಗಂಡು ಮುಂಗಾಲೆರಡನ್ನೂ ಎತ್ತಿ ಹೆಣ್ಣಿನ ಮುಂದೆ ಕುಣಿಯುವಾಗ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಅಪ್ಪ ಶಾಲೆಯ ಮೇಷ್ಟ್ರು. ಅವರ ಪುಸ್ತಕಗಳಲ್ಲಿ ಆ ಜೇಡ ಇರಲಿಲ್ಲ. ಎಲ್ಲೆಲ್ಲಿದೆ ಎಂದು ತಿಳಿದು, ಬಲ್ಲವರಿಗೆ ಬರೆದು ಕಳಿಸೋಣ ಎಂದರು. ಪರವೂರಿಗೆ ಹೋದಾಗಲೆಲ್ಲ ಬಂಡೆಯ ಸಂದಿ ನೋಡಿ ಬರುತ್ತಿದ್ದರು. ಕೊರಟಗೆರೆಯಲ್ಲಿ ಸಿಕ್ಕಿತು, ಸಿರಾ ಕೋಟೆಯ ಕಲ್ಲಿನಲ್ಲೂ ಸಿಕ್ಕಿತು, ಅಲ್ಲಿಯದು ಸ್ವಲ್ಪ ಕಪ್ಪು. ಅಕ್ಕ ನಕ್ಷೆ ಬರೆದು, ಸಿಕ್ಕ ಊರಿಗೆಲ್ಲ ಕುಂಕುಮದ ಬೊಟ್ಟಿಟ್ಟಳು. “ನಿನಗ್ಯಾಕೆ ಅದು? ಮುಟ್ಟಬ್ಯಾಡ” ಎಂದು ಅಜ್ಜಿ ಭರಣಿ ಕಿತ್ತುಕೊಂಡರು. ಮರುದಿನದಿಂದ ಬೊಟ್ಟುಗಳು ಇದ್ದಿಲಿನವು. ಪಾವಗಡದಲ್ಲಿ ಮಾತ್ರ ಅಪ್ಪನಿಗೆ ಸಿಗಲಿಲ್ಲ.

“ಅಲ್ಲೂ ಇಂಥವೇ ಬಂಡೆ ಅಲ್ವೇನಪ್ಪ? ಇದ್ದೇ ಇರ್ತದೆ. ನಾನೇ ಹೋಗಿ ನೋಡ್ಬೇಕು” ಎಂದಳು ಅಕ್ಕ.

ಅಜ್ಜಿಗೂ ಕೇಳುವಂತೆ ಅಪ್ಪ ಹೇಳಿದರು: “ಸುಗ್ಗಿ ಕಳೀಲಿ ಕಣಮ್ಮ, ಗಾಡಿ ಕಟ್ಟುಸ್ತೀನಿ. ಯಾರು ಏನಾದ್ರೂ ಅಂದ್ಕೊಳ್ಲಿ.”

ಸುಗ್ಗಿಗೆ ಮೊದಲೇ ಪ್ಲೇಗು ಬಂತು. ಜಂತೆಯಿಂದ ಇಲಿ ಸತ್ತುಬಿದ್ದ ದಿನವೇ ಮನೆಗೆ ಬೀಗ ಹಾಕಿ ಊರಾಚೆಯ ಗುಡಿಸಲು ಸೇರಿದೆವು. ಮೂರನೆಯ ದಿನ ಅಕ್ಕ ಯಾರಿಗೂ ಹೇಳದೆ ಮನೆಗೆ ಹೋಗಿ, ಸೀಸೆಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಬಂದಳು. “ಒಂದೂ ಒಡೆದಿಲ್ಲ ಕಣೆ” ಎಂದಳು ನನಗೆ. ವಾರದೊಳಗೆ ಕಂಕುಳಲ್ಲಿ ಗಡ್ಡೆ ಎದ್ದಿತು. ಹೋಗಿಬಿಟ್ಟಳು. ಅವಳ ಹಾಸಿಗೆಯೊಂದಿಗೆ ನಕ್ಷೆಯನ್ನೂ ಸುಟ್ಟರು, ಸೀಸೆಗಳನ್ನು ಹೂತರು. ಅಪ್ಪ ತಡೆಯಲಿಲ್ಲ.

ನಾವು ಮರಳುವಷ್ಟರಲ್ಲಿ ಮನೆಗೆಲ್ಲ ಮದ್ದು ಹೊಡೆದು, ಹಿತ್ತಿಲ ಗೋಡೆಗೂ ಸುಣ್ಣ ಬಳಿದಿದ್ದರು. ಅಲ್ಲಿ ಒಂದು ಜೇಡವೂ ಉಳಿದಿರಲಿಲ್ಲ. ಒಂದು ಬೆಳಗ್ಗೆ ಅಪ್ಪ, ಅವಳ ಹೆಸರಿನಲ್ಲೇ ಕಳಿಸುತ್ತೇನೆಂದು ಕಾಗದ ತೆಗೆದು ಬರೆಯತೊಡಗಿದರು. ಬಣ್ಣ ಬರೆದರು, ಕಾಲು ಬರೆದರು. ಹೊಟ್ಟೆಯ ಮೇಲಿನ ಬಿಳಿ ಪಟ್ಟೆ ಎರಡೋ, ಮೂರೋ? ನನಗೂ ನೆನಪಿರಲಿಲ್ಲ.

“ತಡಿ, ಅವಳ್ನೇ ಕೇಳಾಣ” ಎಂದು ಒಳಕ್ಕೆ ತಿರುಗಿ, “ಶಾರದಾ” ಎಂದು ಕರೆದರು.

ಕರೆದವರು ಬಹಳ ಹೊತ್ತು ಬಾಗಿಲ ಕಡೆಯೇ ನೋಡುತ್ತಿದ್ದರು. ಆಮೇಲೆ ಕಾಗದವನ್ನು ಮಡಿಸಿದರು.