ಅಕ್ಷರ ಹೆಕ್ಕುವ ಶುಯಿಗೆನ್

ಮೇಯ್ ನದಿಯ ದಂಡೆಯ ನಮ್ಮೂರಿನಲ್ಲಿ ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ನಾನು. ಎಷ್ಟು ಮಕ್ಕಳ ಕಿವಿ ಹಿಂಡಿ ಅಕ್ಷರ ಕಲಿಸಿದೆನೋ ಲೆಕ್ಕವಿಲ್ಲ. ಆದರೆ ಲೈ ಶುಯಿಗೆನ್‌ನನ್ನು ನೆನೆದರೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಅವನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ.

ದೋಣಿ ನಡೆಸುವವನ ಮಗ ಅವನು. ಹತ್ತೊಂಬತ್ತನೇ ವಯಸ್ಸಿಗೆ ಬೆನ್ನಿಗೊಂದು ಬಿದಿರು ಬುಟ್ಟಿ, ಕೈಗೊಂದು ಬಿದಿರು ಚಿಮಟ ಹಿಡಿದು ಬೀದಿಗಿಳಿದವನು ನಲವತ್ತು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಬರೆದ ಕಾಗದ ನೆಲದ ಮೇಲೆ ಬಿದ್ದಿರಬಾರದು, ಅಷ್ಟೇ. ಹರಿದ ಪತ್ರ, ಔಷಧಿಯ ಚೀಟಿ, ಹೊಸ ವರ್ಷಕ್ಕೆ ಶುಭ ಬರೆದು ಅಂಟಿಸಿ ಬಾಗಿಲಿನಿಂದ ಕಳಚಿದ ಕೆಂಪು ಹಾಳೆ, ಎಲ್ಲವನ್ನೂ ಹೆಕ್ಕಿ, ಕೆಸರು ಒರೆಸಿ, ಹಣೆಗೆ ಮುಟ್ಟಿಸಿ ಬುಟ್ಟಿಗೆ ಹಾಕುವನು. ಊರ ಬಾಗಿಲ ಬಳಿಯ ಗೋಪುರದೊಲೆಯಲ್ಲಿ ಅದನ್ನು ಸುಡುವನು. ವರ್ಷದ ಬೂದಿಯೆಲ್ಲ ಹೊಸ ವರ್ಷದ ಒಂಬತ್ತನೇ ದಿನ ನದಿಗೆ ಹೋಗುತ್ತಿತ್ತು. ತಂಬಾಕು ಸೇದದವನು ತಂಬಾಕು ಕೊಳ್ಳುತ್ತಿದ್ದ, ಅಂಗಡಿಯವನು ಅದನ್ನು ಬರೆದ ಕಾಗದದಲ್ಲಿ ಕಟ್ಟಿದ್ದಾನೆಂದು. ಒಮ್ಮೆ ಹಂದಿಯ ಬಾಯಿಂದ ನನ್ನ ಶಾಲೆಯ ಹಾಳೆ ಬಿಡಿಸಲು ಹೋಗಿ ಬೆರಳು ಕಚ್ಚಿಸಿಕೊಂಡ.

ಚಹಾದಂಗಡಿಯ ಚುಂಗ್ ಅವನನ್ನು ಕೆಣಕದೆ ಬಿಡುತ್ತಿರಲಿಲ್ಲ.

"ಅದ್ರಲ್ಲಿ ಏನ್ ಬರ್ದದೆ ಅಂತ ಗೊತ್ತೇನೋ ನಿಂಗೆ?"

"ಗೊತ್ತಿಲ್ಲ, ಎತ್ಕೊಂಡೆ. ನಿಂಗೆ ಗೊತ್ತಿತ್ತು, ತುಳ್ಕೊಂಡ್ ಹೋದೆ."

ಅವನ ಹೆಂಡತಿ ಸುಮೇಯ್ ಸೌದೆ ಮಾರುತ್ತಿದ್ದಳು. ಒಂದು ಮಧ್ಯಾಹ್ನ ಹೊರೆ ಇಳಿಸಿ ಶಾಲೆಯ ಜಗುಲಿಯಲ್ಲೇ ನಿಂತಳು.

"ಮೇಷ್ಟ್ರೆ, ಎರಡೇ ಎರಡು ಹೆಸ್ರು ಬರೆಯೋದು ಕಲಿಸಿ. ಅವ್ರದ್ದು, ನಂದು. ದಿನಾ ಅಷ್ಟು ಭಕ್ತಿಯಿಂದ ಹೊತ್ಕೊಂಡು ಬರೋದು ಏನು ಅಂತ ನಂಗೂ ತಿಳೀಬೇಕಲ್ಲ. ಅವ್ರಿಗೆ ಮಾತ್ರ ಹೇಳ್ಬೇಡಿ. ಕೈ ಕುದುರಿದ ಮೇಲೆ ನಾನೇ ತೋರಿಸ್ತೀನಿ."

ಕಲಿಸಿದೆ. ಕೊಡಲಿ ಹಿಡಿದ ಕೈಗೆ ಕುಂಚ ಒಗ್ಗುತ್ತಿರಲಿಲ್ಲ. ನನ್ನದೋ ಎಲುಬಿಲ್ಲದ ನಾಲಗೆ. "ಏನಮ್ಮಾ ಇದು, ಕೋಳಿ ಕೆದಕಿದ ಹಾಗಿದೆ. ಇದನ್ನ ಅಕ್ಷರ ಅಂತಾರೇನು?" ಅಂದುಬಿಟ್ಟೆ. ಅವಳು ನಕ್ಕು ಹಾಳೆ ಮಡಚಿಕೊಂಡಳು. ಆಮೇಲೂ ನಾಲ್ಕು ವರ್ಷ ಬಂದು ಬರೆದಳು, ಆದರೆ ಒಂದು ಹಾಳೆಯನ್ನೂ ಗಂಡನ ಬುಟ್ಟಿಗೆ ಹಾಕಲಿಲ್ಲ. ಕೇಳಿದರೆ, "ಅಕ್ಷರ ಆಗಿಲ್ವಲ್ಲ ಮೇಷ್ಟ್ರೆ, ಬುಟ್ಟಿಗೆ ಯೋಗ್ಯ ಅಲ್ಲ. ಮನೇಲಿ ಯಾವ್ದಕ್ಕಾದ್ರೂ ಆಗ್ತದೆ" ಅನ್ನುವಳು. ಗಂಡನಿಗೆ ತೋರಿಸುವ ಮೊದಲೇ ಜ್ವರ ಬಂದು ತೀರಿಕೊಂಡಳು. ಕೊಟ್ಟ ಮಾತೆಂದು ನಾನೂ ಬಾಯಿಬಿಡಲಿಲ್ಲ.

ಬೂದಿಯ ಗಡಿಗೆಯನ್ನು ನದಿಗೆ ಹೊರುವ ಗೌರವ ನಮ್ಮಲ್ಲಿ ಓದಿದವರದು. ಸುಮೇಯ್ ಹೋದ ಮೂರನೇ ವರ್ಷ ಹಿರಿಯರು ಮೊದಲ ಬಾರಿಗೆ ಶುಯಿಗೆನ್‌ನನ್ನು ಕರೆದರು. ಅವನ ಕಣ್ಣು ಮಂಜಾಗುತ್ತ ಬಂದಿತ್ತು. ಮುಂದಿನ ವರ್ಷ ದಾರಿಯೇ ಕಾಣದೆ ಹೋಗಬಹುದಿತ್ತು. ಬೆಳಿಗ್ಗೆ ಸ್ನಾನ ಮಾಡಿ, ಸುಮೇಯ್ ಹೊಲಿದ ಕೊನೆಯ ಜೋಡಿ ಬಟ್ಟೆಯ ಚಪ್ಪಲಿ ಮೆಟ್ಟಿಕೊಂಡು ಬಂದ. ಸವೆದು ಸವೆದು ಅಟ್ಟೆ ಬಾಯಿ ಬಿಡುವ ಹಾಗಿದ್ದರೂ ಅವನು ಅದನ್ನು ಬಿಟ್ಟಿರಲಿಲ್ಲ.

ಗಡಿಗೆ ಎತ್ತಿಕೊಂಡು ಗೋಪುರದ ಎರಡು ಮೆಟ್ಟಿಲು ಇಳಿದಿದ್ದನಷ್ಟೆ, ಎಡಗಾಲಿನ ಅಟ್ಟೆ ಕಿತ್ತುಬಂತು. ಚಿಂದಿಯ ಪದರಗಳ ನಡುವಿನಿಂದ ಗಂಜಿ ಹಚ್ಚಿದ ಕಾಗದ ಇಣುಕಿತು. ಕಾಗದದ ತುಂಬ ಮಸಿ.

ಓದು ಬರದಿದ್ದರೇನು, ಬರೆದ ಕಾಗದ ಅವನಿಗೆ ಕತ್ತಲಲ್ಲೂ ತಿಳಿಯುತ್ತಿತ್ತು. ಗಡಿಗೆಯನ್ನು ಮೆಲ್ಲನೆ ಕೆಳಗಿಟ್ಟು ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಇಷ್ಟು ವರ್ಷ ತುಳ್ಕೊಂಡೇ ತಿರುಗ್ದೆ ಮೇಷ್ಟ್ರೆ. ಅದಕ್ಕೇ ಕಣ್ಣು ಹೋಗ್ತಿರೋದು. ಗಡಿಗೆ ಬೇರೆಯವ್ರು ಹೊರ್ಲಿ."

ಅಕ್ಷರ ತುಳಿದವನಿಗೆ ಕಣ್ಣು ಹೋಗುತ್ತದೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಿರಿಯರು ಮುಖ ಮುಖ ನೋಡಿಕೊಂಡರು. ಒಬ್ಬರು ಗಡಿಗೆಗೆ ಕೈ ಹಾಕಿದರು. ನಾನು ಚಪ್ಪಲಿಯನ್ನು ಎತ್ತಿಕೊಂಡೆ. ಎಡಕ್ಕೆ ವಾಲಿದ ಆ ಗೆರೆ, ನಾನೆಷ್ಟು ಬೈದರೂ ನೆಟ್ಟಗಾಗದ ಸುಮೇಯ್‌ಳ ಗೆರೆ. ಊರೆಲ್ಲ ಕೇಳುವಂತೆ ನಡೆದದ್ದನ್ನು ಹೇಳಿದೆ.

"ಪಾಪ ನಿಂದಲ್ಲ ಶುಯಿಗೆನ್, ಅವಳದ್ದೂ ಅಲ್ಲ. ಇದು ಅಕ್ಷರ ಅಲ್ಲ ಅಂತ ಅವಳ ತಲೆಗೆ ತುಂಬಿದವನು ನಾನು. ಕಣ್ಣು ಹೋಗೋದಿದ್ರೆ ನಂದು ಹೋಗ್ಲಿ."

ಅವನು ಚಪ್ಪಲಿಗೆ ಕೈ ಚಾಚಿದ. ಆಮೇಲೆ ಕೇಳಿದ, "ಏನ್ ಬರ್ದವ್ಳೆ?"

"ನಿನ್ನ ಹೆಸ್ರು. ಪದರ ಪದರಕ್ಕೂ ನಿನ್ನ ಹೆಸ್ರೇ. ಈ ಮೂಲೇಲಿ ಅವಳದ್ದು." ಅವನ ಬೆರಳು ಹಿಡಿದು ಒಂದೊಂದು ಗೆರೆಯ ಮೇಲೂ ಎಳೆದೆ.

"ಸರಿಯಾಗಿ ನೋಡಿ ಹೇಳಿ ಮೇಷ್ಟ್ರೆ. ಇದು ಗೀಚಾ, ಅಕ್ಷರವಾ?"

"ಅಕ್ಷರ ಕಣೋ. ಇಷ್ಟು ಒಳ್ಳೆ ಅಕ್ಷರ ನನ್ನ ಶಾಲೇಲಿ ಯಾರೂ ಬರ್ದಿಲ್ಲ."

ಎರಡೂ ಅಟ್ಟೆ ಬಿಚ್ಚಿದ. ಒಂದೊಂದೇ ಕಾಗದ ಬಿಡಿಸಿ, ಕೆಸರು ಒರೆಸಿ, ಹಣೆಗೆ ಮುಟ್ಟಿಸಿದ. ಒಂದನ್ನಾದರೂ ಇಟ್ಟುಕೋ ಎಂದೆ. "ಅಕ್ಷರ ಅಂದ್ರಲ್ಲ, ಹಂಗಾದ್ರೆ ನದಿಗೆ ಹೋಗ್ಬೇಕು" ಅಂದ. ಗೋಪುರದ ಒಲೆಯಲ್ಲಿ ತಾನೇ ಸುಟ್ಟು, ಆ ಬೂದಿಯನ್ನು ಊರಿನ ಬೂದಿಗೆ ಸೇರಿಸಿದ. ಹಿರಿಯರೇ ಗಡಿಗೆ ಎತ್ತಿ ಅವನ ತೋಳಿಗಿಟ್ಟರು.

ಬರಿಗಾಲಲ್ಲಿ ನಡೆದ. ಮೆಟ್ಟಿಲು ಕಾಣದೆಂದು ನಾನು ಮೊಣಕೈ ಹಿಡಿದಿದ್ದೆ. ದಾರಿಯುದ್ದಕ್ಕೂ ಅವನ ಬೆರಳು ಗಡಿಗೆಯ ಮೇಲೆ ಅವಳ ಹೆಸರನ್ನು ಬರೆಯುತ್ತಿತ್ತು. ಒಂದು ಗೆರೆ ಎಡಕ್ಕೆ ವಾಲಿತ್ತು. ನಾನು ತಿದ್ದಲಿಲ್ಲ.